ಅಗ್ಗದ ಆಮದು ಸಾಮಾನು: ಕೊಳ್ಳಬಹುದೇ, ಬಾರದೇ?

ಶಾಲಾ ಶಿಕ್ಷಕಿ, ಹಾಸನ:
ನಮ್ಮ ಶಾಲೆಯ ಮಕ್ಕಳ ಕೈಯಲ್ಲಿ ಈಗ ಕಾಣುವ ಆಟಿಕೆಗಳಲ್ಲಿ ಹಲವು ಆನ್‌ಲೈನಿನಲ್ಲಿ ನೂರು, ನೂರೈವತ್ತು ರೂಪಾಯಿಗೆ ತರಿಸಿದ ಚೀನಾ ಮಾಲು. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆಟಿಕೆಗಳ ಆಮದು ಸುಂಕವೂ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಆದರೂ ‘ಅಲಂಕಾರಿಕ ವಸ್ತು’ ಎಂಬಂಥ ಹೆಸರಿನಡಿ ಗುರುತಿಲ್ಲದ ಗೊಂಬೆಗಳು ಬರುತ್ತಲೇ ಇವೆ. ಮೊನ್ನೆ ಒಂದನೇ ತರಗತಿಯ ಮಗುವಿನ ಬಳಿಯಿದ್ದ, ದೀಪ ಮಿನುಗುವ ಬುಗುರಿಯ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ. ಉಗುರಿನಿಂದ ಎಬ್ಬಿಸಿದರೆ ಗುಂಡಿಯಂಥ ಬ್ಯಾಟರಿ ಅಂಗೈಗೆ ಬಿತ್ತು. ಅದನ್ನು ಮಗು ನುಂಗಿ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಭಾಗ ಸುಟ್ಟುಹೋಗಬಹುದು. ಇಂಥ ಸಾಮಾನು ಎಷ್ಟೇ ಅಗ್ಗವಾಗಿದ್ದರೂ ಮನೆಗೆ ತರಬಾರದು ಎಂಬುದು ನನ್ನ ನಿಲುವು.

ಅಡಿಕೆ ಬೆಳೆಗಾರ, ತೀರ್ಥಹಳ್ಳಿ:
ಮೇಡಂ, ಆಟಿಕೆಯ ವಿಷಯದಲ್ಲಿ ತಮ್ಮ ಮಾತಿಗೆ ನಾನು ಎದುರಾಡುವುದಿಲ್ಲ. ಆದರೆ ಅದನ್ನೇ ಆಮದು ಸಾಮಾನುಗಳೆಲ್ಲಕ್ಕೂ ಅನ್ವಯಿಸಿದರೆ ನಮ್ಮಂಥವರಿಗೆ ಅನ್ಯಾಯವಾಗುತ್ತದೆ. ಮಳೆಗಾಲದಲ್ಲಿ ತೋಟದ ಕಳೆ ಹೊಡೆಯಲು ಆಳು ಸಿಗುವುದಿಲ್ಲ. ಹೆಸರಾಂತ ಜಪಾನಿ ಕಂಪನಿಯ ಕಳೆ ಯಂತ್ರವನ್ನು ಕೊಳ್ಳುವ ಶಕ್ತಿ ಎರಡು ಎಕರೆಯವನಿಗೆ ಇರುವುದಿಲ್ಲ. ಅದೇ ಮಾದರಿಯ ಚೀನಾ ಯಂತ್ರ ಅದಕ್ಕಿಂತ ಬಹಳ ಕಡಿಮೆ ಬೆಲೆಗೆ ಬಂದದ್ದರಿಂದಲೇ ನಮ್ಮೂರಿನಲ್ಲಿ ಸಣ್ಣ ಹಿಡುವಳಿದಾರರೂ ತಮ್ಮ ತೋಟವನ್ನು ತಾವೇ ಹಸನು ಮಾಡಿಕೊಳ್ಳುವಂತಾಯಿತು. ಕಾರ್ಬುರೇಟರ್ ಕೆಟ್ಟರೆ ಪೇಟೆಗೆ ಹೋಗಿ ಕಾಯಬೇಕಿಲ್ಲ, ಆನ್‌ಲೈನಿನಲ್ಲಿ ತರಿಸಿ ಜೋಡಿಸಿಕೊಳ್ಳುತ್ತೇವೆ. ತಿರುಗುವ ಬ್ಲೇಡನ್ನು ಮಾತ್ರ ಅಗ್ಗದ್ದು ಕೊಳ್ಳುವುದಿಲ್ಲ. ಕಲ್ಲಿಗೆ ತಾಗಿ ಅದು ಮುರಿದರೆ ಚೂರು ಎತ್ತ ಹಾರುತ್ತದೆಂದು ಯಾರೂ ಹೇಳಲಾರರು.

ಮೊಬೈಲ್ ರಿಪೇರಿ ಅಂಗಡಿಯವರು, ಹುಬ್ಬಳ್ಳಿ:
ಬೆಳೆಗಾರರು ಮಾಡಿದ ಈ ವಿಂಗಡಣೆಯೇ ಸರಿಯಾದದ್ದು. ಯಾವ ಭಾಗ ಕೆಟ್ಟರೆ ಕೆಲಸ ನಿಲ್ಲುತ್ತದೆ, ಯಾವ ಭಾಗ ಕೆಟ್ಟರೆ ಪ್ರಾಣಕ್ಕೆ ಬರುತ್ತದೆ ಎಂದು ನೋಡಬೇಕು. ಚಾರ್ಜರ್ ಎರಡನೆಯ ಗುಂಪಿಗೆ ಸೇರುತ್ತದೆ. ಅದರ ಒಂದು ಬದಿಗೆ ಗೋಡೆಯ 230 ವೋಲ್ಟ್ ಬರುತ್ತದೆ, ಇನ್ನೊಂದು ಬದಿಯಿಂದ ನಮ್ಮ ಕೈಯಲ್ಲಿರುವ ಫೋನಿಗೆ ಸಾಮಾನ್ಯವಾಗಿ 5 ವೋಲ್ಟ್ ಹೋಗುತ್ತದೆ. ಈ ಎರಡರ ನಡುವೆ ಬೋರ್ಡಿನ ಮೇಲೆ ಹಲವು ಮಿಲಿಮೀಟರ್ ಖಾಲಿ ಜಾಗವೂ, ಟ್ರಾನ್ಸ್‌ಫಾರ್ಮರಿನ ಸುರುಳಿಗಳ ನಡುವೆ ಗಟ್ಟಿ ನಿರೋಧಕ ಟೇಪೂ ಇರಲೇಬೇಕು. ಅಗ್ಗದ ಚಾರ್ಜರನ್ನು ಬಿಚ್ಚಿದರೆ ಎರಡೂ ಬದಿಯ ಬೆಸುಗೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಇರುತ್ತವೆ, ಫ್ಯೂಸ್ ಇರುವುದಿಲ್ಲ, ಎರಡು ಬದಿಗಳ ನಡುವೆ ಸುರಕ್ಷತಾ ದರ್ಜೆಯ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗ) ಇರಬೇಕಾದಲ್ಲಿ ಸಾಧಾರಣದ್ದನ್ನು ಕೂರಿಸಿರುತ್ತಾರೆ. ಆ ಕೆಪಾಸಿಟರ್ ಸುಟ್ಟು ಶಾರ್ಟ್ ಆದರೆ ಗೋಡೆಯ ಕರೆಂಟು ನೇರವಾಗಿ ಫೋನಿಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಇದಾವುದೂ ಕಾಣುವುದಿಲ್ಲ.

ಪವರ್ ಬ್ಯಾಂಕಿನಲ್ಲಿ ಬಳಸುವ ಬ್ಯಾಟರಿಗಳದ್ದು ಮತ್ತೊಂದು ಕಥೆ. ‘18650’ ಎಂಬ ಹೆಬ್ಬೆರಳ ಗಾತ್ರದ ಸೆಲ್‌ಗಳ ಮೇಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಸುತ್ತದೆಂಬುದರ ಅಳತೆ) ಎಂದು ಮುದ್ರಿಸಿ ಮಾರುತ್ತಾರೆ. ಒಳ್ಳೆಯ ಕಂಪನಿಗಳ ಈ ಗಾತ್ರದ ಸೆಲ್‌ಗಳಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 3500ರ ಆಸುಪಾಸು ಹಿಡಿಸುತ್ತದೆ. ಸುಳ್ಳು ಲೇಬಲಿನಡಿ ಕೆಲವೊಮ್ಮೆ ಹಳೆ ಲ್ಯಾಪ್‌ಟಾಪುಗಳಿಂದ ಕಿತ್ತ ಸೆಲ್‌ಗಳೇ ಸಿಗುತ್ತವೆ.

ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ:
ಸರ್, ತಾವು ಹೇಳಿದ್ದು ನಿಜ. ಆದರೂ ‘ಚೀನಾ ಮಾಲು’ ಎಂದೊಡನೆ ಕಳಪೆ ಎನ್ನುವುದನ್ನು ನಾನು ಒಪ್ಪಲಾರೆ. ಆರ್ಡುಯಿನೋ ಎಂಬ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡಿನ ವಿನ್ಯಾಸ ಮುಕ್ತವಾಗಿರುವುದರಿಂದ ಅದನ್ನು ಯಾರು ಬೇಕಾದರೂ ನ್ಯಾಯವಾಗಿಯೇ ತಯಾರಿಸಬಹುದು. ಕೆಲವು ನೂರು ರೂಪಾಯಿಗೆ ಸಿಗುವ ಅಂಥ ಬೋರ್ಡುಗಳಿಲ್ಲದಿದ್ದರೆ ನನ್ನ ತರಗತಿಯ ಅರ್ಧಕ್ಕರ್ಧ ಮಂದಿ ಪ್ರಾಜೆಕ್ಟನ್ನು ಕಾಗದದ ಮೇಲೆಯೇ ಮುಗಿಸಬೇಕಾಗುತ್ತಿತ್ತು. ಅವು ನಡೆಯುವುದು 5 ವೋಲ್ಟಿನಲ್ಲಿ. ಸುಟ್ಟರೆ ಬೋರ್ಡೊಂದು ಹೋಗುತ್ತದೆ, ಅಷ್ಟೇ.

ವಕೀಲರು, ಧಾರವಾಡ:
ಇಲ್ಲಿ ಯಾರೂ ಎತ್ತದ ಪ್ರಶ್ನೆ ಹೊಣೆಗಾರಿಕೆಯದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 86ನೇ ಕಲಮಿನ ಪ್ರಕಾರ, ತಯಾರಕ ಯಾರೆಂದು ಗೊತ್ತಿಲ್ಲದಿದ್ದರೆ ಅಥವಾ ಅವನಿಗೆ ನೋಟಿಸು ಜಾರಿ ಮಾಡಲು ಸಾಧ್ಯವಿಲ್ಲದಿದ್ದರೆ, ದೋಷಪೂರಿತ ವಸ್ತುವಿನಿಂದಾದ ಹಾನಿಗೆ ಅದನ್ನು ಮಾರಿದವನೇ ಹೊಣೆಯಾಗುತ್ತಾನೆ. ಆಮದುದಾರನನ್ನೂ ಕಾಯ್ದೆ ಮಾರಾಟಗಾರನೆಂದೇ ಪರಿಗಣಿಸುತ್ತದೆ. 2020ರ ಇ-ವಾಣಿಜ್ಯ ನಿಯಮಗಳಂತೆ ಆನ್‌ಲೈನಿನಲ್ಲಿ ಮಾರುವವರು ವಸ್ತುವಿನ ಮೂಲ ದೇಶದ ಹೆಸರನ್ನು ತೋರಿಸಬೇಕು, ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು ಒಂದು ತಿಂಗಳಲ್ಲಿ ಪರಿಹರಿಸಬೇಕು. ಹಾಗಾಗಿ ಪೊಟ್ಟಣದ ಮೇಲೆ ಆಮದುದಾರನ ಹೆಸರು, ವಿಳಾಸ ಇದೆಯೇ ಎಂಬುದನ್ನು ನಾನು ಬೆಲೆಗಿಂತ ಮೊದಲು ನೋಡುತ್ತೇನೆ. ವಿದೇಶಿ ತಾಣದಿಂದ ನೇರವಾಗಿ ತರಿಸಿದರೆ ಇಲ್ಲಿ ನೋಟಿಸು ಕಳುಹಿಸುವುದಕ್ಕೆ ಯಾರೂ ಸಿಗುವುದಿಲ್ಲ. ಒಂದು ಕಾಲಕ್ಕೆ ಇಂಥ ಪೊಟ್ಟಣಗಳು 5000 ರೂಪಾಯಿವರೆಗಿನ ‘ಉಡುಗೊರೆ’ ಎಂಬ ನೆಪದಲ್ಲಿ ಸುಂಕವಿಲ್ಲದೆ ಬರುತ್ತಿದ್ದವು. 2019ರ ಡಿಸೆಂಬರಿನಲ್ಲಿ ರಾಖಿ ಮತ್ತು ಜೀವರಕ್ಷಕ ಔಷಧಗಳನ್ನು ಬಿಟ್ಟು ಉಳಿದವಕ್ಕೆ ಆ ದಾರಿ ಮುಚ್ಚಿತು.

ಅಡಿಕೆ ಬೆಳೆಗಾರ, ತೀರ್ಥಹಳ್ಳಿ:
ವಕೀಲರೇ, ಕಾನೂನು ಇದೆ ಎಂಬುದು ಸಮಾಧಾನದ ಸಂಗತಿ. ಆದರೆ ಮುನ್ನೂರು ರೂಪಾಯಿಯ ಸಾಮಾನಿಗಾಗಿ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವವರು ಯಾರು? ಮಾರುವವರಿಗೂ ಇದು ಗೊತ್ತಿದೆ.

ವಕೀಲರು, ಧಾರವಾಡ:
ಮೆಟ್ಟಿಲು ಹತ್ತುವ ಮೊದಲು 1915ಕ್ಕೆ ಕರೆ ಮಾಡಿ ನೋಡಿ; ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲಿಯೇ ದೂರು ಹೇಳಬಹುದು. ಹಣ ವಾಪಸಾಗದಿದ್ದರೂ ದೂರು ದಾಖಲಾಗುತ್ತದೆ, ಒಬ್ಬನೇ ಮಾರಾಟಗಾರನ ಮೇಲೆ ಅಂಥವು ಸೇರುತ್ತಾ ಹೋಗುವುದು ಸಣ್ಣ ವಿಷಯವಲ್ಲ.

ಶಾಲಾ ಶಿಕ್ಷಕಿ, ಹಾಸನ:
ಬೆಳೆಗಾರರು ಹೇಳಿದ ಮೇಲೆ ನನ್ನ ನಿಲುವನ್ನು ಸ್ವಲ್ಪ ಸಡಿಲಿಸುತ್ತೇನೆ, ಆದರೆ ಮಕ್ಕಳ ವಿಷಯದಲ್ಲಲ್ಲ. ತೋಟದ ಯಂತ್ರವನ್ನು ಕೊಳ್ಳುವವರು ಅದರ ಅಪಾಯವನ್ನು ಬಲ್ಲವರು. ಬುಗುರಿ ಹಿಡಿದ ಮಗುವಿಗೆ ಆ ತಿಳಿವಳಿಕೆ ಇಲ್ಲ. ಚಾರ್ಜರಿನ ಮೇಲೆಯೂ ಗುರುತು ಇರುತ್ತದಲ್ಲವೇ? ಅದು ಅಸಲಿಯೋ ನಕಲಿಯೋ ಎಂದು ಪೋಷಕರಿಗೆ ತಿಳಿಸಿಕೊಡುವುದು ಹೇಗೆ?

ಮೊಬೈಲ್ ರಿಪೇರಿ ಅಂಗಡಿಯವರು, ಹುಬ್ಬಳ್ಳಿ:
ಚಾರ್ಜರ್ ಮತ್ತು ಪವರ್ ಬ್ಯಾಂಕಿನ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ ಎಂಟು ಅಂಕಿಯ ನೋಂದಣಿ ಸಂಖ್ಯೆ ಇರುತ್ತದೆ. ಫೋನಿನಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ‘ಬಿಐಎಸ್ ಕೇರ್’ ಆ್ಯಪ್ ಹಾಕಿಕೊಂಡು ಆ ಸಂಖ್ಯೆಯನ್ನು ನಮೂದಿಸಿದರೆ ತಯಾರಕರ ಹೆಸರು, ಬ್ರ್ಯಾಂಡು, ವಸ್ತುವಿನ ವಿವರ ಬರುತ್ತವೆ. ಸಂಖ್ಯೆ ಇದ್ದರೆ ಸಾಲದು, ಆ ವಿವರ ಕೈಯಲ್ಲಿರುವ ವಸ್ತುವಿಗೆ ಹೊಂದಬೇಕು. ಬೇರೊಬ್ಬರ ಸಂಖ್ಯೆಯನ್ನು ಕದ್ದು ಅಚ್ಚು ಹಾಕಿದ ಚಾರ್ಜರುಗಳನ್ನು ನಾನು ನೋಡಿದ್ದೇನೆ. ಹೊಂದದಿದ್ದರೆ ವಾಪಸು ಮಾಡುವ ಅವಧಿ ಮುಗಿಯುವ ಮೊದಲೇ ಹಿಂದಿರುಗಿಸಿ, ಅದೇ ಆ್ಯಪಿನಲ್ಲಿ ದೂರನ್ನೂ ಕೊಡಿ.