ಅಪ್‌ಡೇಟ್: ಒಂದೇ ಮಗು ಎರಡು ಸಲ ದಾಖಲಾಗುತ್ತಿದ್ದ ಸಮಸ್ಯೆ ಬಗೆಹರಿಯಿತು

ಹೋದ ವಾರ ಕೇಳಿದ್ದೆ ಅಲ್ವಾ, ಶಾಲೆಗಳು ಕಳಿಸುವ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಠ್ಯದ ಪಟ್ಟಿ) ನಮ್ಮ ಡೇಟಾಬೇಸ್‌ಗೆ ಹಾಕಿದಾಗಲೆಲ್ಲ ಕೆಲವು ಮಕ್ಕಳು ಡಬಲ್ ಆಗುತ್ತಾರೆ ಅಂತ. ಕಾರಣ ಸಿಕ್ಕಿತು. ಅದಕ್ಕೂ ಮುಂಚೆ, ಹೆಸರು, ಹುಟ್ಟಿದ ದಿನಾಂಕ ಹೋಲಿಸಿ ಅಂದವರ ಮಾತು ಕೇಳಿ ಇನಿಷಿಯಲ್ ಹಿಂದೆಮುಂದಾದವರೆಲ್ಲ ಸೇರಿ ಇನ್ನೂ ಗೋಜಲಾಯಿತು. ಡೇಟಾಬೇಸ್‌ನ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಮತ್ತೆ ಕಟ್ಟಿದ್ದೂ ಸುಮ್ನೆ ದಂಡ. ಕೆಲಸಕ್ಕೆ ಬಂದಿದ್ದು 'ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ' ಅನ್ನೋ ಸಲಹೆ. ಮಗುವಿನ ಐಡಿ 00482 ಇರಬೇಕಾದ ಕಡೆ ಬರೀ 482, ಅದಕ್ಕೇ ಬೇರೆ ಮಗು ಅಂತ ಇನ್ನೊಂದು ಸಲ ಸೇರುತ್ತಿತ್ತು! ಶಾಲೆಯವರು ಕಳಿಸುವ ಮುಂಚೆ ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಸೇವ್ ಮಾಡುತ್ತಿದ್ದರು, ಐಡಿಯ ಶುರುವಿನ ಸೊನ್ನೆಗಳು ಅಲ್ಲೇ ಹಾರಿಹೋಗುತ್ತಿದ್ದವು. ಈಗ ಐಡಿ ಕಾಲಂ ಸಂಖ್ಯೆಯಾಗಿ ಅಲ್ಲ, ಟೆಕ್ಸ್ಟ್ ಆಗಿಯೇ ಇಂಪೋರ್ಟ್ ಆಗಬೇಕು, ಅಂಕಿ ಕಡಿಮೆ ಇದ್ದರೆ ಫೈಲೇ ವಾಪಸ್. ಇನ್ನೊಂದು ನನಗೇ ಗೊತ್ತಿರಲಿಲ್ಲ: ಎಕ್ಸೆಲ್‌ನಲ್ಲಿ 16 ಅಂಕಿಯ ಐಡಿ ಸಂಖ್ಯೆಯಾಗಿ ತೆರೆದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಸೇವ್ ಮಾಡಿದಿರೋ ಮೂಲ ಫೈಲೇ ಗತಿ.