ಒಂದು ಕಾಮಾಕ್ಕೆ ಮೂರು ರಾಕೆಟ್

"ಏನೋ ಸೀನ, ನಿನ್ನೆ ಮಧ್ಯಾಹ್ನ ರೋಮಾಂಚನಗೊಂಡೆಯಂತೆ?" ಬೈ ಟೂ ಕಾಫಿಯ ಲೋಟ ಅವನತ್ತ ಸರಿಸುತ್ತಾ ಕೇಳಿದೆ.

"ನಿನ್ನೆಯಾ? ಜ್ವರ ಬಂದು ಇಡೀ ದಿನ ಮಲಗಿದ್ದೆನಲ್ಲೋ."

"ಲಿಂಕ್ಡ್‌ಇನ್‌ನಲ್ಲಿ ಗಟ್ಟಿಮುಟ್ಟಾಗಿದ್ದೆ," ಎಂದ ಪದ್ದಿ ಮೊಬೈಲ್ ತೆಗೆದು ಓದಿದಳು. "'ವ್ಯವಸ್ಥೆಯನ್ನು ಬಲಪಡಿಸುವ ಹೊಸ ಹೆಜ್ಜೆಯೊಂದನ್ನು ಹಂಚಿಕೊಳ್ಳಲು ರೋಮಾಂಚನಗೊಂಡಿದ್ದೇನೆ.' ಕೊನೆಗೆ ಮೂರು ರಾಕೆಟ್."

ಸೀನ ಬೀಗಿದ. "ಅದು ನನ್ನ ಬಾಟ್. ಕೋಡ್ ತಿದ್ದಿದಾಗ ಏನು ಮಾಡಿದೆ ಅಂತ ಗಿಟ್‌ಹಬ್‌ನಲ್ಲಿ ನಾನು ಹಾಕಿದ ಕಮಿಟ್ ಮೆಸೇಜ್ ಓದುತ್ತೆ, ಎಐ ಕೈಲಿ ಪೋಸ್ಟ್ ಬರೆಸುತ್ತೆ, ತಾನೇ ಹಾಕುತ್ತೆ."

"ನೀನು ಬರೆದಿದ್ದೇನು?"

"'ಜಾಸ್ತಿ ಇದ್ದ ಕಾಮಾ ತೆಗೆದೆ. ಥೂ.'"

"2023ರಲ್ಲಿ ಚಂದ್ರಯಾನ-3ಕ್ಕೆ ಇಸ್ರೋದವರು ಹಾರಿಸಿದ್ದೇ ಒಂದು ರಾಕೆಟ್ ಕಣೋ. ನಿನ್ನ ಒಂದು ಕಾಮಾಕ್ಕೆ ಮೂರಾ? ಅದಿರಲಿ, ಆ 'ಥೂ' ಎಲ್ಲಿ ಹೋಯ್ತು?"

"ತೆಗೆದುಬಿಡುತ್ತೆ."

"ಅದೊಂದೇ ನೀನು ಬರೆದದ್ದು ಅಂತ ಗೊತ್ತಾಗೋ ಹಾಗಿತ್ತು!"

"ಮನುಷ್ಯರು ಬರೆದ ಹಾಗೇ ಕಾಣಲಿ ಅಂತ ಬೇರೆ ಏರ್ಪಾಡು ಮಾಡಿದ್ದೀನಿ," ಎಂದ. "ಹಾಕೋ ಮೊದಲು ಸುಮ್ನೆ ಒಂದೆರಡು ನಿಮಿಷ ಕಾಯುತ್ತೆ. ಆಮೇಲೆ ಪೋಸ್ಟಿಗೊಂದು ಸ್ಪೆಲ್ಲಿಂಗ್ ತಪ್ಪು ಮಾಡುತ್ತೆ."

"ನಮ್ಮ ಮೇಷ್ಟ್ರು ತಪ್ಪಿಗೊಂದು ಬೆತ್ತದ ಏಟು ಕೊಡುತ್ತಿದ್ದರು. ನೀನು ತಪ್ಪು ಮಾಡು ಅಂತ ಯಂತ್ರಕ್ಕೆ ತಿಂಗಳಾ ತಿಂಗಳಾ ದುಡ್ಡು ಕೊಡ್ತೀಯ. ನನ್ನನ್ನು ಕೇಳಿದ್ದರೆ ಪುಕ್ಕಟೆ ಮಾಡಿಕೊಡುತ್ತಿದ್ದೆ."

ಅಷ್ಟು ಹೊತ್ತೂ ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸುತ್ತಿದ್ದ ವಿಶ್ವ ತಲೆಯೆತ್ತಿದ. "ನೋಡು, ಕೆಳಗೆ ನಾನೂ ಕಮೆಂಟ್ ಹಾಕಿದ್ದೀನಿ. 'ಸ್ಫೂರ್ತಿದಾಯಕ, ಶ್ರೀನಿವಾಸ್!'"

"ನೀನು ಯಾವತ್ತೋ ಅವನನ್ನ ಶ್ರೀನಿವಾಸ್ ಅಂದಿದ್ದು?" ಪದ್ದಿ ನಕ್ಕಳು.

"ಅದೂ ಬಾಟ್."

"ಭೇಷ್. ನಿಮ್ಮಿಬ್ಬರ ಬಾಟ್‌ಗಳು ದಿನಾ ಮಾತಾಡಿಕೊಳ್ಳುತ್ತವೆ," ಎಂದೆ. "ನೀವಿಬ್ಬರು ಸಿಗೋದು ಮೂರು ತಿಂಗಳಿಗೊಮ್ಮೆ. ಅದೂ ಬಿಲ್ ನಾನು ಕೊಡ್ತೀನಿ ಅಂದರೆ."

ವಿಶ್ವ ಮತ್ತೆ ವಡೆಗೆ ಮರಳಿದ. ವಡೆ ಮೊದಲಿನ ಗಾತ್ರ ಇಲ್ಲ ಅಂತ ಶುರು ಮಾಡಿದ. ಅದರ ತೂತು ದೊಡ್ಡದಾಗಿದೆಯೋ ವಡೆ ಚಿಕ್ಕದಾಗಿದೆಯೋ ಅಂತ ಐದು ನಿಮಿಷ ಜಗಳ ಆಯಿತು. ಪದ್ದಿ ಮಾತ್ರ ಮೊಬೈಲ್ ಬಿಟ್ಟಿರಲಿಲ್ಲ.

"ಅಲ್ಲ ಸೀನ, ದಿನಾ ಎರಡೂವರೆಗೇ ಯಾಕೆ ಹಾಕುತ್ತೆ ಇದು? ಆಗ ಯಾರು ಓದ್ತಾರೆ?"

"ಬೆಳಿಗ್ಗೆ ಒಂಬತ್ತಕ್ಕೆ ಹಾಕು ಅಂತ, ಹೊತ್ತು ಗೊತ್ತು ಮಾಡೋ ಕ್ರಾನ್‌ನಲ್ಲಿ '0 9 * * *' ಬರೆದಿದ್ದೆ. ಅದು ಯುಟಿಸಿ, ಅಂದರೆ ಗ್ರೀನ್‌ವಿಚ್ ಸಮಯದ ಲೆಕ್ಕ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ."

"'30 3' ಅಂತ, ಅಂದರೆ ಮೂರೂವರೆಗೆ ಅಂತ ತಿದ್ದಿದರೆ ಮುಗೀತಲ್ಲ. ಒಂದು ಸಾಲು."

"ಗೊತ್ತು. ತಿದ್ದಲ್ಲ."

ನಾವು ಮೂವರೂ ಅವನ ಮುಖ ನೋಡಿದೆವು. ಅವನು ಲೋಟದ ತಳದ ನೊರೆ ನೋಡುತ್ತಿದ್ದ.

"ನನ್ನ ಪೋಸ್ಟ್ ನೋಡೋಕೆ ಅಂತಲೇ ಅಪ್ಪ ತಿಪಟೂರಿನಲ್ಲಿ ಕೂತು ಲಿಂಕ್ಡ್‌ಇನ್ ಖಾತೆ ತೆರೆದಿದ್ದಾರೆ. ಎರಡೂವರೆಗೆ ಅದು ಬಂತು ಅಂದರೆ ಅಮ್ಮನಿಗೆ ಹೇಳ್ತಾರಂತೆ, 'ಸೀನಂದು ಊಟ ಆಯ್ತು ಕಣೇ, ಇನ್ನು ನೀನೂ ತಟ್ಟೆ ಹಾಕ್ಕೋ' ಅಂತ."

"ನಿನ್ನೆ?"

"ನಿನ್ನೆಯೂ ಅಂದಿರ್ತಾರೆ."

"ನೀನು ಏನು ತಿಂದೆ?"

"ಗಂಜಿ ಮಾಡ್ಕೊಳ್ಳೋಣ ಅಂದ್ಕೊಂಡೆ. ಏಳೋಕಾಗಲಿಲ್ಲ."

ಪದ್ದಿ ಮಾತಾಡದೆ ತನ್ನ ಇಡ್ಲಿ ತಟ್ಟೆಯನ್ನು ಅವನ ಮುಂದಿಟ್ಟಳು. "ಒಂದು ಫೋನ್ ಮಾಡೋ ಮನೆಗೆ," ಎಂದೆ ನಾನು.

ಸೀನ ಗಡಿಯಾರ ನೋಡಿದ. "ಈಗಲಾ? ಹನ್ನೊಂದು ಗಂಟೆಗೆ ನನ್ನ ಫೋನ್ ಬಂದರೆ ಏನೋ ಆಗಿದೆ ಅಂತ ಹೆದರಿಬಿಡ್ತಾರೆ ಮಾರಾಯ."