ಗ್ರೈಂಡರ್ ಗಾರ್ಡು, ಕೊರಳ ಜಪಸರ: ಹುಡುಗರಿಗೆ ಹೇಗೆ ಹೇಳೋದು?

ಟ್ರಾಲಿ ಶೆಡ್, ದಾವಣಗೆರೆ:
ನಮ್ಮದು ಪಿ.ಬಿ. ರಸ್ತೆ ಪಕ್ಕ ಟ್ರ್ಯಾಕ್ಟರ್ ಟ್ರಾಲಿ ಕಟ್ಟೋ ಶೆಡ್. ಸೋಮವಾರ ಮಿಷನ್ ಹಾಕೋ ಮುಂಚೆ ಸಣ್ಣ ಪ್ರಾರ್ಥನೆ ಇರುತ್ತೆ. ನಾಲ್ಕಿಂಚಿನ ಗ್ರೈಂಡರ್‌ನಲ್ಲಿ ಕಟಿಂಗ್ ವೀಲ್ ಪದೇ ಪದೇ ಒಡೀತಿದೆ, ಹುಡುಗರು ಗಾರ್ಡ್ (ವೀಲ್ ಮೇಲಿನ ಕಾಪು ಮುಚ್ಚಳ) ಬಿಚ್ಚಿಟ್ಟಿದ್ದಾರೆ. ಕೇಳಿದರೆ 'ದೇವರು ಕಾಯ್ತಾನೆ ಬಿಡಿ' ಅಂತಾರೆ. ಹರಿಹರದ ಆರೋಗ್ಯ ಮಾತೆ ದೇವಾಲಯದಿಂದ ತಂದ ಜಪಸರ ಕೊರಳಲ್ಲಿಟ್ಟುಕೊಂಡೇ ಡ್ರಿಲ್ ಹಾಕ್ತಾರೆ, ತೆಗಿ ಅಂದರೆ ಮುಖ ಊದಿಸ್ತಾರೆ. ಯಾರಿಗಾದರೂ ಪೆಟ್ಟಾದರೆ 'ಏನು ಪಾಪ ಮಾಡಿದ್ನೋ' ಅನ್ನೋ ಮಾತು ಬೇರೆ. ವೀಲ್ ಯಾಕೆ ಒಡೆಯುತ್ತೆ? ಬೈಬಲ್ ವಾಕ್ಯದಿಂದ ಇವರಿಗೆ ಏನು ತೋರಿಸಲಿ?

ಹಳೇ ಫಿಟ್ಟರ್:
ಮೊದಲು ಕೊಯ್ಯೋ ಕಬ್ಬಿಣದ ಆಂಗಲ್ ಹೇಗೆ ಇಡ್ತಾರೆ ನೋಡಿ. ಎರಡು ತುದಿಗೆ ಆಸರೆ ಕೊಟ್ಟು ನಡುವೆ ಕೊಯ್ದರೆ, ಕಟ್ ಮುಗಿಯೋ ಹೊತ್ತಿಗೆ ಆಂಗಲ್ ಕೆಳಗೆ ಜಗ್ಗಿ ಸಂದು ಮುಚ್ಚಿಕೊಳ್ಳುತ್ತೆ, ವೀಲನ್ನ ಕಚ್ಚಿ ಹಿಡಿಯುತ್ತೆ. ಆಗಲೇ ಮಿಷನ್ ಒದೆಯೋದು, ವೀಲ್ ಚೂರಾಗೋದು. ಬೇಕಾದ ತುಂಡನ್ನ ವೈಸ್‌ಗೆ ಬಿಗಿದು, ಬೀಳೋ ತುಂಡನ್ನ ಹೊರಗೆ ಬಿಟ್ಟು ಕೊಯ್ಯಿಸಿ. ಸಂದು ತಾನೇ ತೆರೆದುಕೊಳ್ಳುತ್ತೆ. ತೆಳು ಕಟಿಂಗ್ ವೀಲ್‌ನ ಪಕ್ಕದಿಂದ ವೆಲ್ಡ್ ಉಜ್ಜೋದಂತೂ ಕೂಡಲೇ ನಿಲ್ಲಿಸಿ, ಅದಕ್ಕೆ ದಪ್ಪ ಗ್ರೈಂಡಿಂಗ್ ವೀಲ್ ಇದೆ. ವೀಲ್ ಮೇಲೆ ಅವಧಿ ಬರೆದಿರುತ್ತೆ; ಒದ್ದೆ ನೆಲದ ಮೇಲೆ ಬಿದ್ದಿದ್ದನ್ನ ಎಸೆಯಿರಿ. ಹೊಸ ವೀಲ್ ಹಾಕಿದ ಮೇಲೆ ಒಂದು ನಿಮಿಷ ಖಾಲಿ ಓಡಿಸಿ, ಆಗ ಎದುರಿಗೆ ಯಾರೂ ನಿಲ್ಲಬಾರದು. ಗಾರ್ಡ್‌ನ ಮುಚ್ಚಿದ ಭಾಗ ಕೆಲಸ ಮಾಡೋನ ಕಡೆಗಿರಬೇಕು.

ಟ್ರಾಲಿ ಶೆಡ್, ದಾವಣಗೆರೆ:
ಗಾರ್ಡ್ ಬಿಚ್ಚಿರೋದೇ ಐದಿಂಚಿನ ವೀಲ್ ಹಾಕೋಕೆ ಸರ್.

ಹಳೇ ಫಿಟ್ಟರ್:
ಅಲ್ಲೇ ಇದೆ ನೋಡಿ ಎಡವಟ್ಟು. 100 ಮಿ.ಮೀ. (ನಾಲ್ಕಿಂಚು) ವೀಲ್ ಮೇಲೆ 15,300 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಂತ ಇದ್ದರೆ, 125 ಮಿ.ಮೀ. (ಐದಿಂಚು) ಮೇಲೆ 12,200 ಇರುತ್ತೆ. ಎರಡಕ್ಕೂ ಅಂಚಿನ ವೇಗದ ಮಿತಿ ಸೆಕೆಂಡಿಗೆ 80 ಮೀಟರ್. ವೀಲ್ ದೊಡ್ಡದಾದಷ್ಟೂ ಅದೇ ಆರ್‌ಪಿಎಂನಲ್ಲಿ ಅಂಚಿನ ವೇಗ ಜಾಸ್ತಿ. ಮೇಲಾಗಿ ತೂತು ಬೇರೆ: ನಾಲ್ಕಿಂಚಿನದಕ್ಕೆ 16 ಮಿ.ಮೀ., ಐದಿಂಚಿನದಕ್ಕೆ 22.23. ವಾಷರ್ ತುರುಕಿ ಕೂರಿಸಿದರೆ ವೀಲ್ ನಡುವಿಗೆ ನಿಲ್ಲೋದೇ ಇಲ್ಲ. ಐದಿಂಚು ಬೇಕಾದರೆ ಐದಿಂಚಿನ ಮಿಷನ್ನೇ ತನ್ನಿ.

ಭಾನುವಾರದ ಬೋಧಕ, ಚಿತ್ರದುರ್ಗ:
'ದೇವರು ಕಾಯ್ತಾನೆ' ಅನ್ನೋರಿಗೆ ಮತ್ತಾಯ 4 ಓದಿಸಿ. ದೇವಾಲಯದ ತುದಿಯಲ್ಲಿ ಯೇಸುವನ್ನ ನಿಲ್ಲಿಸಿ 'ಧುಮುಕು, ದೂತರು ಹಿಡಿತಾರೆ' ಅಂತ 91ನೇ ಕೀರ್ತನೆ ಹೇಳಿದ್ದು ಸೈತಾನ. ದೇವರನ್ನ ಪರೀಕ್ಷಿಸಬಾರದು ಅನ್ನೋದು ಯೇಸುವಿನ ಉತ್ತರ. ಗಾರ್ಡ್‌ಗೆ ಧರ್ಮೋಪದೇಶಕಾಂಡ 22:8 ಸಾಕು: ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತುಗೋಡೆ ಕಟ್ಟು, ಯಾರಾದರೂ ಬಿದ್ದರೆ ರಕ್ತಾಪರಾಧ ನಿನ್ನ ಮನೆ ಮೇಲೆ. ಗಮನಿಸಿ, ಹೊಣೆ ಬಿದ್ದವನದಲ್ಲ, ಯಜಮಾನನದು. ಅಂದರೆ ನಿಮ್ಮದು!
ಪಾಪದ ಮಾತಿಗೆ ಲೂಕ 13:4. ಸಿಲೋವಾಮ್‌ನಲ್ಲಿ ಬುರುಜು ಬಿದ್ದು ಸತ್ತ 18 ಜನ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಅಂತ ಯೇಸುವೇ ಹೇಳಿದ್ದಾನೆ. ಪೆಟ್ಟು ತಿಂದವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ, ವಿಚಾರಣೆ ಬೇಡ.

ಲೇತ್ ಕೆಲಸ:
ಜಪಸರ ಅಂಗಿಯೊಳಗೆ ತುರುಕಿದರೂ ಸಾಲದು, ಬಗ್ಗಿದಾಗ ಜಾರಿ ಹೊರಗೆ ಬರುತ್ತೆ. ನೈಲಾನ್ ದಾರ ಬೇಗ ಹರಿಯಲ್ಲ. ಚಕ್‌ಗೆ (ಬಿಟ್ ಹಿಡಿದು ತಿರುಗೋ ಭಾಗ) ಸುತ್ತಿಕೊಂಡರೆ ತಲೆಯನ್ನೇ ಎಳೆಯುತ್ತೆ. ಡ್ರಿಲ್ ಪಕ್ಕದ ಗೋಡೆಗೆ ಸಣ್ಣ ಶಿಲುಬೆ, ಅದರ ಕೆಳಗೆ ಹೆಸರು ಬರೆದ ಮೊಳೆ ಹೊಡೆಸಿ. ಜಪಸರ ಅಲ್ಲಿ ನೇತುಹಾಕಿ ಕೆಲಸ ಶುರು ಮಾಡಲಿ, ಬೇಜಾರೂ ಇರಲ್ಲ. ಬಟ್ಟೆ ಗ್ಲೌಸ್ ಕೂಡ ಡ್ರಿಲ್ ಹತ್ತಿರ ಬೇಡ.
ಬಿಟ್ ಮೊಂಡಾದರೆ ಹುಡುಗರು ಹ್ಯಾಂಡಲ್ ಮೇಲೆ ಭಾರ ಬಿಡ್ತಾರೆ, ತಳ ತೂತಾಗೋ ಕ್ಷಣ ಬಿಟ್ ಕಚ್ಚಿ ಕಬ್ಬಿಣದ ಪಟ್ಟಿ ಗಿರಕಿ ಹೊಡೆಯುತ್ತೆ. ಪಟ್ಟಿಯನ್ನ ಕೈಯಲ್ಲಿ ಹಿಡಿಯದೆ ಕ್ಲಾಂಪ್ ಹಾಕಿ. 10 ಮಿ.ಮೀ. ತೂತಿಗೆ ಮೊದಲು 4 ಮಿ.ಮೀ. ಬಿಟ್ ಹಾಕಿ, ಆಮೇಲೆ 700–800 ಆರ್‌ಪಿಎಂನಲ್ಲಿ ದೊಡ್ಡದು. ತುದಿ 118 ಡಿಗ್ರಿಗೆ ಸಾಣೆ, ಎರಡೂ ಅಂಚು ಸಮ.

ಭಾನುವಾರದ ಬೋಧಕ, ಚಿತ್ರದುರ್ಗ:
ಸಾಣೆ ವಿಷಯ ಪ್ರಸಂಗಿ 10:10ರಲ್ಲೇ ಇದೆ: ಕಬ್ಬಿಣ ಮೊಂಡಾಗಿ ಬಾಯಿ ಮಸೆಯದಿದ್ದರೆ ಹೆಚ್ಚು ಬಲ ಹಾಕಬೇಕಾಗುತ್ತೆ. ಈ ಸೋಮವಾರ ಅದನ್ನೇ ಓದಿ, ಬಿಟ್ ಡಬ್ಬ ಎದುರಿಗಿಟ್ಟುಕೊಂಡು.